ಹಾಡಿನ ಓದು

ಸಂಗೀತವನ್ನು ಮೆಚ್ಚದ ಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಮದುವೆಯ ಮನೆಯಲ್ಲಿ ಹಸೆಗೆ ಕರೆಯುವಾಗ ಹಾಡು ಬೇಕು. ತೊಟ್ಟಿಲನ್ನು ತೂಗುವಾಗ ಜೋಗುಳ ಬೇಕು. ಶನಿವಾರದ ಸಂಜೆ ಹನುಮಪ್ಪನ ಗುಡಿಯಲ್ಲಿ ತಾಳ ತಂಬೂರಿಗಳ ಭಜನೆ ಬೇಕು. ಮಗಳು ಹತ್ತು ಮಂದಿಯ ಎದುರಿಗೆ ಒಂದು ದೇವರನಾಮವನ್ನು ತಪ್ಪಿಲ್ಲದೆ ಹಾಡಿದಳೆಂದರೆ ತಾಯಿತಂದೆಗಳ ಮುಖ ಅರಳುವುದು. ಆದರೆ ಅದೇ ಮಗಳು, ‘ನಾನು ಕಾಲೇಜಿನಲ್ಲಿ ಸಂಗೀತವನ್ನೇ ಓದುತ್ತೇನೆ’ ಎಂದೊಡನೆ ಅರಳಿದ ಮುಖಗಳೇ ಬಾಡುವುವು. ಹಾಡು ಬೇಕು, ಹಾಡಿನ ಓದು ಬೇಡ. ನಮ್ಮ ಗೃಹಸ್ಥರಲ್ಲಿ ಬಹುಮಂದಿಯ ಮನೋಧರ್ಮ ಇದು. ಇದನ್ನು ದೋಷವೆಂದು ನಾವು ಹೇಳುವುದಿಲ್ಲ. ಮನೆಯನ್ನು ನಡೆಯಿಸುವವನಿಗೆ ಅಕ್ಕಿಯ ಬೆಲೆಯೂ ಸಾಲದ ಬಡ್ಡಿಯೂ ತಿಳಿದಿರುತ್ತವೆ. ಮೂರು ವರ್ಷದ ಓದು ಕೈಗೆ ಏನು ಕೊಟ್ಟೀತೆಂದು ಆತನು ಕೇಳುವುದು ನ್ಯಾಯವೇ ಆಗಿದೆ. ನ್ಯಾಯವಾದ ಪ್ರಶ್ನೆಗೆ ನೇರವಾದ ಉತ್ತರ ಸಲ್ಲಬೇಕೆಂಬುದೊಂದೇ ನಮ್ಮ ಆಶಯ.

ನಾವು ಹೊಸಪೇಟೆಯವರು. ಯೌವನದಲ್ಲಿ ಮೂರು ವರ್ಷ ಪರಸ್ಥಳದ ಕಾಲೇಜೊಂದರಲ್ಲಿ ಸಂಗೀತವನ್ನೇ ಮುಖ್ಯ ವಿಷಯವನ್ನಾಗಿ ಓದಿ, ಬಳಿಕ ಬಹುಕಾಲ ಸಂಡೂರಿನ ಕಡೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಈಗ ಮನೆಯ ಜಗಲಿಯಲ್ಲಿ ಸಂಜೆಯ ಹೊತ್ತು ಸರಳೆ ಜಂಟಿಗಳನ್ನು ಹೇಳಿಕೊಡುತ್ತಿರುವವರು. ಪಿ.ಯು.ಸಿ. ಫಲಿತಾಂಶ ಬಂದ ಮೇಲಿನ ಹದಿನೈದು ದಿನಗಳಲ್ಲಿ ನಮ್ಮ ಜಗಲಿಗೆ ಬರುವವರ ಸಂಖ್ಯೆ ಹೆಚ್ಚುವುದು. ಕೆಲವು ವರ್ಷಗಳ ಕೆಳಗೆ ಕಂಪ್ಲಿಯಿಂದ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಕಾಲುವೆಯ ಕೆಳಗೆ ಒಂದಿಷ್ಟು ಗದ್ದೆ; ನೀರು ಬಿಟ್ಟ ವರ್ಷ ಎರಡು ಬೆಳೆ, ಬಿಡದ ವರ್ಷ ಒಂದೇ. ಕುಳಿತವರೇ, ಪೀಠಿಕೆಯಿಲ್ಲದೆ ಮಾತು ತೆಗೆದರು.

“ಮೇಷ್ಟ್ರೆ, ಈಕಿ ಬಿ.ಕಾಂ. ಮಾಡ್ಲಿ ಅಂತೀನಿ ನಾನು. ಹಾಡೋದನ್ನ ಓದ್ತೀನಿ ಅಂತಾಳೆ ಈಕಿ. ಹಾಡೋದು ಸರಿ, ಅದನ್ನ ಓದೋದು ಹೆಂಗ್ರೀ? ಕೋಗಿಲೆ ಯಾವ ಕಾಲೇಜಿಗೆ ಹೋಗಿತ್ತು?”

ಮಗಳು ಮಾತಾಡಲಿಲ್ಲ, ಗೋಡೆಗೆ ಒರಗಿಸಿದ್ದ ತಂಬೂರಿಯನ್ನೇ ನೋಡುತ್ತಿದ್ದಳು. ಕೋಗಿಲೆಯ ಮಾತಿಗೆ ನಮಗೂ ನಗೆ ಬಂದಿತು. ಆದರೆ ಆ ಪ್ರಶ್ನೆ ಹಾಸ್ಯದ್ದಲ್ಲ. ಅಂದು ನಾವು ಆ ತಂದೆಗೆ ಹೇಳಿದುದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ವಾಚಕರ ಮುಂದೆ ಇಡುತ್ತಿದ್ದೇವೆ.

ಕಾಲೇಜಿನ ಸಂಗೀತದ ಓದಿಗೆ ಮೂರು ಅಂಗಗಳುಂಟು: ಶಾಸ್ತ್ರ, ಚರಿತ್ರೆ, ಪ್ರಯೋಗ. ನಮ್ಮ ಪೂರ್ವಿಕರು ಇವುಗಳಲ್ಲಿ ಶಾಸ್ತ್ರವನ್ನು ಲಕ್ಷಣವೆಂದೂ ಪ್ರಯೋಗವನ್ನು ಲಕ್ಷ್ಯವೆಂದೂ ಕರೆದರು. ಜೂನಿಯರ್, ಸೀನಿಯರ್, ವಿದ್ವತ್ ಎಂಬ ಪರೀಕ್ಷೆಗಳಲ್ಲಿಯೂ ಹಾಡುವುದರ ಜೊತೆಗೆ ಶಾಸ್ತ್ರದ ಪ್ರಶ್ನೆಪತ್ರಿಕೆ ಇರುವುದನ್ನು ವಾಚಕರು ಬಲ್ಲರು. ಕಾಲೇಜಿನಲ್ಲಿ ಈ ಮೂರೂ ಒಂದೇ ದಿನದಲ್ಲಿ, ಒಂದೇ ಗೋಡೆಗಳ ನಡುವೆ ಸೇರುತ್ತವೆ. ಈ ಸೇರುವೆಯಿಂದ ಏನು ಲಾಭವೆಂಬುದೇ ವಿಚಾರ.

ಮೊದಲು ಪ್ರಯೋಗದ ಮಾತು. ನಮ್ಮ ತರಗತಿಗೆ ಬಂದವರಲ್ಲಿ ಹೆಚ್ಚಿನವರು ಊರಿನಲ್ಲಿಯೇ ವರ್ಣಗಳನ್ನೂ ಹತ್ತಾರು ಕೃತಿಗಳನ್ನೂ ಕಲಿತು, ಬಹುಮಾನದ ಬಟ್ಟಲುಗಳನ್ನು ಮನೆಯ ಗೂಡಿನಲ್ಲಿ ಇಟ್ಟು ಬಂದವರು. ಮೊದಲನೆಯ ದಿನ ಗುರುಗಳು ತಂಬೂರಿಯನ್ನು ಶ್ರುತಿಗೂಡಿಸಿ, ‘ಸರಳೆ ವರಿಸೆ ಹಾಡಿರಿ’ ಎಂದರು. ಐದು ವರ್ಷದ ಮಕ್ಕಳ ಪಾಠ ತಮಗೇಕೆಂದು ಅನೇಕರು ಮುಖ ಸಪ್ಪಗೆ ಮಾಡಿಕೊಂಡರು. ಗುರುಗಳು ಅದನ್ನು ಕಂಡೂ ಕಾಣದವರಂತೆ ಕೈಯಲ್ಲಿ ಆದಿತಾಳ ಹಾಕಿದರು. ಕೈಯ ಓಟ ಬದಲಾಗಕೂಡದು. ಒಂದು ಪೆಟ್ಟಿಗೆ ಒಂದು ಸ್ವರ, ಬಳಿಕ ಎರಡು, ಬಳಿಕ ನಾಲ್ಕು. ಮೂರನೆಯ ಕಾಲಕ್ಕೆ ಬರುವಷ್ಟರಲ್ಲಿ ಅರ್ಧ ತರಗತಿಯ ಕೈ ಕಂಠವನ್ನು ಹಿಂಬಾಲಿಸಿ ಓಡತೊಡಗಿತ್ತು. ಗುರುಗಳು ಒಂದು ಮಾತೂ ಆಡದೆ ನಿಲ್ಲಿಸಿದರು. ಎರಡು ತಿಂಗಳು ನಾವು ಅದನ್ನೇ ಹಾಡಿದೆವು.

ಆ ಎರಡು ತಿಂಗಳಲ್ಲಿಯೇ ಒಂದು ವಿಷಯ ನಮಗೆ ಹೊಳೆಯಿತು. ಬಾಲಪಾಠಗಳನ್ನು ಮಾಯಾಮಾಳವಗೌಳ ರಾಗದಲ್ಲಿ ಹೇಳಿಕೊಡುವ ಪದ್ಧತಿಯನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ. ಇಷ್ಟು ರಾಗಗಳಿರುವಾಗ ಇದೇ ಏಕೆ? ಹಾರ್ಮೋನಿಯಂ ಇದ್ದ ಮನೆಯವರು ಅದರ ಮನೆಗಳನ್ನು ಒಂದೊಂದಾಗಿ ಎಣಿಸಿ ನೋಡಬಹುದು. ಷಡ್ಜದಿಂದ ರಿಷಭಕ್ಕೆ ಒಂದು ಮನೆಯ ಅಂತರ. ರಿಷಭದಿಂದ ಗಾಂಧಾರಕ್ಕೆ ಮೂರು ಮನೆಗಳ ನೆಗೆತ. ಗಾಂಧಾರದಿಂದ ಮಧ್ಯಮಕ್ಕೆ ಮತ್ತೆ ಒಂದೇ ಮನೆ. ಪಂಚಮದಿಂದ ಮೇಲಣ ಷಡ್ಜದವರೆಗೂ ಇದೇ ಲೆಕ್ಕ: ಒಂದು, ಮೂರು, ಒಂದು. ಕೆಳಗಿನ ಅರ್ಧವನ್ನು ಕಲಿತ ಕಂಠವು ಮೇಲಿನ ಅರ್ಧವನ್ನು ಅದೇ ಅಚ್ಚಿನಲ್ಲಿ ಎರಕ ಹೊಯ್ಯುವುದು. ಮಗುವಿಗೆ ಅರ್ಧ ಶ್ರಮ ಉಳಿಯಿತು. ಸಣ್ಣ ಅಂತರ ದೊಡ್ಡ ಅಂತರ ಎರಡೂ ಒಟ್ಟಿಗೆ ಕಿವಿಗೆ ಬಿದ್ದವು. ಇದನ್ನು ಯೋಚಿಸಿದವರು ಎಂಥ ಉಪಾಧ್ಯಾಯರು! ಬಾಲ್ಯದಲ್ಲಿ ಸಾವಿರ ಸಲ ಹಾಡಿದ್ದ ಪಾಠದ ಒಳಗುಟ್ಟು ನಮಗೆ ತಿಳಿದುದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಶಾಸ್ತ್ರದ ಪುಸ್ತಕವೂ ತಂಬೂರಿಯೂ ಒಂದೇ ಚಾಪೆಯ ಮೇಲಿದ್ದಾಗ.

ಅಲಂಕಾರಗಳಲ್ಲಿಯೂ ಇಂಥದೇ ಜಾಣತನವುಂಟು. ಧ್ರುವಕ್ಕೆ 14, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4 ಅಕ್ಷರಗಳು. ಈ ಏಳನ್ನು ಕೈಯಲ್ಲಿ ಇಳಿಸಿಕೊಂಡವನಿಗೆ ಮುಂದೆ ಯಾವ ತಾಳವೂ ಪರಕೀಯವೆನಿಸದು. ಧ್ರುವಕ್ಕೂ ಅಟ್ಟಕ್ಕೂ ಲೆಕ್ಕ ಒಂದೇ ಆದರೂ ನಡೆ ಬೇರೆಯೆಂಬುದು ಕಾಗದದ ಮೇಲೆ ಕಾಣದು, ಕೈಯಲ್ಲಿ ಮಾತ್ರ ಕಾಣುವುದು.

ಇನ್ನು ಶಾಸ್ತ್ರ. ನಿಜವನ್ನು ಹೇಳುವುದಾದರೆ, ನಾವು ಓದಿದ ಕಾಲೇಜಿನಲ್ಲಿ ಶಾಸ್ತ್ರದ ಪಾಠ ಬಹುಮಟ್ಟಿಗೆ ಟಿಪ್ಪಣಿ ಬರೆಯಿಸುವುದರಲ್ಲಿಯೇ ಕಳೆಯುತ್ತಿತ್ತು. ಹಳದಿಯಾದ ಕಾಗದಗಳಿಂದ ಒಬ್ಬರು ಓದುವರು, ನಾವು ಬರೆಯುವೆವು; ಪರೀಕ್ಷೆಯಲ್ಲಿ ಅದನ್ನೇ ಹಿಂದಕ್ಕೆ ಕೊಡುವೆವು. ಆ ಕಾಲೇಜಿನ ಹೆಸರು ಇಲ್ಲಿ ಅನಾವಶ್ಯಕ. ಮಕ್ಕಳನ್ನು ಕಳುಹಿಸುವವರು ಈ ಒಂದು ವಿಷಯವನ್ನು ವಿಚಾರಿಸಿಕೊಳ್ಳಲೆಂದು ಮಾತ್ರ ಹೇಳಿದೆವು. ಶಾಸ್ತ್ರವನ್ನು ಹಾಡಿ ತೋರಿಸುವವರು ಇರುವ ಕಡೆಗೆ ಹೋಗಬೇಕು. ಬರೆಯಿಸುವವರು ಮಾತ್ರ ಇದ್ದರೆ ಮನೆಯಲ್ಲಿಯೇ ಪುಸ್ತಕ ಕೊಂಡು ಓದಬಹುದು.

ಆದರೆ ಟಿಪ್ಪಣಿಯಲ್ಲಿದ್ದ ವಿಷಯ ಒಣಗಿದ್ದಲ್ಲ. ಎಪ್ಪತ್ತೆರಡು ಮೇಳಗಳೆಂದರೆ ಗೃಹಸ್ಥರಿಗೆ ಭಯವಾಗುವುದುಂಟು. ಅದರಷ್ಟು ಸುಲಭವಾದ ಲೆಕ್ಕವಿಲ್ಲ. ಷಡ್ಜ ಪಂಚಮಗಳು ಅಲುಗವು. ರಿಷಭ ಗಾಂಧಾರಗಳಿಗೆ ನಾಲ್ಕು ಮನೆಗಳುಂಟು. ನಾಲ್ಕು ಮನೆಗಳಲ್ಲಿ ಇಬ್ಬರನ್ನು ಕೂರಿಸುವ ಬಗೆ 6. ಧೈವತ ನಿಷಾದಗಳಿಗೂ ಹಾಗೆಯೇ 6. ಆರಾರಲೆ 36. ಮಧ್ಯಮ ಎರಡು, ಆದುದರಿಂದ 72. ಈ ಲೆಕ್ಕವನ್ನು 17ನೆಯ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿಯು ‘ಚತುರ್ದಂಡೀ ಪ್ರಕಾಶಿಕೆ’ಯಲ್ಲಿ ನಿಲ್ಲಿಸಿದನು. ಮೇಳದ ಹೆಸರಿನಲ್ಲಿಯೇ ಅದರ ಸಂಖ್ಯೆ ಅಡಗಿರುವುದೂ ಒಂದು ವಿನೋದ. ಕಟಪಯಾದಿಯಲ್ಲಿ ‘ಮಾ’ ಎಂದರೆ 5, ‘ಯಾ’ ಎಂದರೆ 1. ತಿರುಗಿಸಿ ಓದಿದರೆ 15. ಮಾಯಾಮಾಳವಗೌಳವು ಹದಿನೈದನೆಯ ಮೇಳ.

ಈ ಲೆಕ್ಕ ಕಿವಿಗೆ ಯಾವ ಉಪಕಾರ ಮಾಡುವುದೆಂದು ಕೇಳಿದರೆ, ನಮ್ಮ ಹೊಸಪೇಟೆಯನ್ನೇ ಉದಾಹರಣೆಯಾಗಿ ಕೊಡುವೆವು. ನಮ್ಮದು ಎರಡು ಸಂಗೀತಗಳ ಗಡಿಯೂರು. ರೈಲಿನಲ್ಲಿ ಕೊಪ್ಪಳವನ್ನು ದಾಟಿ ಪಶ್ಚಿಮಕ್ಕೆ ಹೋದರೆ ಗದಗು. ಅಲ್ಲಿ ಪಂಚಾಕ್ಷರ ಗವಾಯಿಗಳೂ ಅವರ ಬಳಿಕ ಪುಟ್ಟರಾಜ ಗವಾಯಿಗಳೂ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ಒಟ್ಟಿಗೆ ಇಕ್ಕಿದರು. ಅದರ ಆಚೆ ಧಾರವಾಡ, ಹುಬ್ಬಳ್ಳಿಗಳಲ್ಲಿ ಹಿಂದೂಸ್ಥಾನೀ ಸಂಗೀತದ ರಾಜ್ಯ. ತೆಂಕಲಿಗೆ ತಿರುಗಿದರೆ ಕರ್ಣಾಟಕ ಸಂಗೀತ. ನಮ್ಮ ಚಿಕ್ಕಂದಿನಲ್ಲಿ ಮುಂಜಾನೆ ಧಾರವಾಡ ಆಕಾಶವಾಣಿಯಿಂದ ಭೈರವ್ ರಾಗ ಕೇಳಿಬರುತ್ತಿದ್ದಾಗ ಪಕ್ಕದ ಮನೆಯ ಜಗಲಿಯಲ್ಲಿ ಮಕ್ಕಳು ಮಾಯಾಮಾಳವಗೌಳದ ಸರಳೆ ಹಾಡುತ್ತಿದ್ದರು. ಅವೆರಡಕ್ಕೂ ಬೇರೆ ಬೇರೆ ದೇಶಗಳಷ್ಟು ದೂರವೆಂದೇ ನಮ್ಮ ಕಿವಿ ಭಾವಿಸಿತ್ತು. ಏಳು ಸ್ವರಗಳೂ ಒಂದೇ ಎಂದು ಹೇಳಿದುದು ಶಾಸ್ತ್ರದ ಪಾಠ. ಒಂದೇ ಮನೆಯ ಇಬ್ಬರು ಅಕ್ಕತಂಗಿಯರು. ನಡೆ ಬೇರೆ, ನುಡಿ ಬೇರೆ. ಭೈರವದ ರಿಷಭ ಧೈವತಗಳು ತೂಗಿ ತೂಗಿ ನಿಲ್ಲುವ ಬಗೆ ಬೇರೆ. ಒಂದಾಗಿರುವುದು ಯಾವುದು, ಬೇರೆಯಾಗಿರುವುದು ಯಾವುದು ಎಂದು ತಿಳಿದ ಮೇಲೆ ಎರಡೂ ಮತ್ತಷ್ಟು ಸೊಗಸಾದವು.

ಪಂಡಿತ ಭಾತಖಂಡೆಯವರು ದಕ್ಷಿಣದೇಶದಲ್ಲಿ ಸಂಚರಿಸಿ, ಈ 72 ಮೇಳಗಳ ಪದ್ಧತಿಯನ್ನು ಅಭ್ಯಸಿಸಿ, ಬಳಿಕ ಹಿಂದೂಸ್ಥಾನೀ ರಾಗಗಳನ್ನು 10 ಥಾಟುಗಳಲ್ಲಿ ಅಳವಡಿಸಿದರೆಂಬುದನ್ನು ಓದಿದಾಗ ನಮಗೆ ಹಿಗ್ಗಾಯಿತು. 1901ರಲ್ಲಿ ಲಾಹೋರಿನಲ್ಲಿ ವಿಷ್ಣು ದಿಗಂಬರ ಪಲುಸ್ಕರರು ಗಾಂಧರ್ವ ಮಹಾವಿದ್ಯಾಲಯವನ್ನೂ, 1926ರಲ್ಲಿ ಲಖನೌದಲ್ಲಿ ಭಾತಖಂಡೆಯವರು ಸಂಗೀತ ಕಾಲೇಜನ್ನೂ ತೆರೆದರು. ಅಂದಿನಿಂದ ಸಂಗೀತವು ನಮ್ಮ ದೇಶದಲ್ಲಿ ತರಗತಿಯ ಹಲಗೆಯ ಮೇಲೆ ಬರೆಯತಕ್ಕ ವಿದ್ಯೆಯೂ ಆಯಿತು.

ಸಂಡೂರಿನ ಶಾಲೆಯಲ್ಲಿ ನಮಗೆ ಇನ್ನೊಂದು ಪಾಠವಾಯಿತು. ತಾಂಡಾಗಳಿಂದ ಬರುತ್ತಿದ್ದ ಲಂಬಾಣಿ ಹುಡುಗಿಯರು ಬಿಡುವಿನಲ್ಲಿ ತಮ್ಮ ಅವ್ವಂದಿರ ಹಾಡುಗಳನ್ನು ಹಾಡುವರು. ನಾಲ್ಕೈದು ಸ್ವರಗಳೊಳಗೇ ಹಾಡು ಸುತ್ತುವುದು. ಒಬ್ಬಳು ಎತ್ತಿಕೊಂಡುದನ್ನು ಉಳಿದವರು ಹಿಡಿಯುವರು. ಶಾಸ್ತ್ರ ಓದದ ಕಿವಿಗೆ ಅದು ಬಡ ಹಾಡೆಂದು ತೋರಬಹುದು. ಸ್ವರಗಳನ್ನು ಎಣಿಸಲು ಕಲಿತ ಕಿವಿಗೆ, ನಾಲ್ಕೇ ಸ್ವರಗಳಲ್ಲಿ ಇಷ್ಟು ಬಗೆಯನ್ನು ತರುವುದು ಎಷ್ಟು ಕಷ್ಟವೆಂಬುದು ತಿಳಿಯುವುದು. ಶಾಸ್ತ್ರವು ಒಳ್ಳೆಯ ಗುರುವಿನಿಂದ ಬಂದರೆ ಗರ್ವವನ್ನು ಕಳೆಯುವುದೇ ಹೊರತು ಬೆಳೆಯಿಸುವುದಿಲ್ಲ.

ಮೂರನೆಯದು ಚರಿತ್ರೆ. ಈ ವಿಷಯದಲ್ಲಿ ನಮ್ಮ ಸೀಮೆಯವರಷ್ಟು ಭಾಗ್ಯಶಾಲಿಗಳು ಯಾರೂ ಇಲ್ಲ. ನಮ್ಮಷ್ಟು ಅಲಕ್ಷ್ಯ ಮಾಡಿದವರೂ ಇಲ್ಲವೇನೋ. ಹಂಪಿಯು ನಮ್ಮ ಊರಿಗೆ ಮೂರು ಹರದಾರಿ ಕೂಡ ಇಲ್ಲ. ಚಿಕ್ಕಂದಿನಲ್ಲಿ ಬುತ್ತಿ ಕಟ್ಟಿಕೊಂಡು ಎಷ್ಟು ಸಲ ಹೋಗಿದ್ದೆವೋ ಲೆಕ್ಕವಿಲ್ಲ. ಆದರೆ ಹಂಪಿಯು ಸಂಗೀತದ ಊರೆಂಬುದನ್ನು ನಾವು ಅರಿತುದು ಪರಸ್ಥಳದ ಕಾಲೇಜಿನಲ್ಲಿ. 13ನೆಯ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವನು ಬರೆದ ‘ಸಂಗೀತ ರತ್ನಾಕರ’ಕ್ಕೆ 15ನೆಯ ಶತಮಾನದಲ್ಲಿ ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ವಿಜಯನಗರದವನು. 1550ರಲ್ಲಿ ಅಳಿಯ ರಾಮರಾಯನ ಪ್ರೇರಣೆಯಿಂದ ‘ಸ್ವರಮೇಳ ಕಲಾನಿಧಿ’ಯನ್ನು ಬರೆದ ರಾಮಾಮಾತ್ಯನು ವಿಜಯನಗರದವನು. ರಾಗಗಳನ್ನು 20 ಮೇಳಗಳಲ್ಲಿ ಆತನು ಅಳವಡಿಸಿದನು. ವೆಂಕಟಮಖಿಯ ಎಪ್ಪತ್ತೆರಡಕ್ಕೆ ದಾರಿ ತೋರಿಸಿದವರಲ್ಲಿ ಆತನೊಬ್ಬನು. ಶಾಸ್ತ್ರಕ್ಕೂ ಪ್ರಯೋಗಕ್ಕೂ ವಿರೋಧ ಬಂದಲ್ಲಿ ಪ್ರಯೋಗವೇ ಪ್ರಧಾನವೆಂಬುದು ಆತನ ಪಕ್ಷ. ಶಾಸ್ತ್ರಗ್ರಂಥವನ್ನು ಬರೆಯಲು ಕುಳಿತವನೇ ಈ ಮಾತನ್ನು ಹೇಳಿದನೆಂಬುದನ್ನು ವಾಚಕರು ಗಮನಿಸಬೇಕು. ಕಂಪ್ಲಿಯ ರೈತರ ಕೋಗಿಲೆಯ ಪ್ರಶ್ನೆಗೆ ರಾಮಾಮಾತ್ಯನು ಅರ್ಧ ಉತ್ತರವನ್ನು ಅಂದೇ ಕೊಟ್ಟಿದ್ದನು: ಹಾಡು ಮೊದಲು, ಓದು ಅದರ ಹಿಂದೆ.

ಆ ಗ್ರಂಥವಾದ ಹದಿನೈದು ವರ್ಷಗಳಿಗೆ, 1565ರ ಯುದ್ಧದಲ್ಲಿ, ರಾಮರಾಯನು ಮಡಿದನು; ಪಟ್ಟಣ ಹಾಳಾಯಿತು. ಪುರಂದರದಾಸರು ಅದರ ಹಿಂದಿನ ವರ್ಷ, 1564ರಲ್ಲಿ, ದೇಹವನ್ನು ಬಿಟ್ಟರೆಂದು ಸಂಪ್ರದಾಯ. ವಿದ್ವಾಂಸರೂ ಕಲಾವಿದರೂ ತೆಂಕಣ ನಾಯಕರ ಆಶ್ರಯವನ್ನು ಅರಸಿ ಹೋದರು. ತಂಜಾವೂರು ಸಂಗೀತದ ಪಟ್ಟಣವಾಯಿತು. ಕಲ್ಲಿನ ಊರು ಉರಿದು ಬಿದ್ದಿತು. ಒಂದು, ಮೂರು, ಒಂದು ಎಂಬ ಮಕ್ಕಳ ಪಾಠ ಉಳಿಯಿತು. ಚರಿತ್ರೆಯ ತರಗತಿಯಲ್ಲಿ ಈ ಎರಡು ಇಸವಿಗಳನ್ನು ಹಲಗೆಯ ಮೇಲೆ ಒಂದರ ಕೆಳಗೊಂದಾಗಿ ಬರೆದಾಗ ನಮ್ಮ ಮೈ ನವಿರೆದ್ದಿತು.

ರಜೆಯಲ್ಲಿ ಊರಿಗೆ ಬಂದವರು ಮರುದಿನವೇ ಹಂಪಿಗೆ ಹೋದೆವು. ವಿಜಯವಿಠ್ಠಲನ ಗುಡಿಯ ಮಹಾಮಂಟಪದಲ್ಲಿ ಒಂದೊಂದು ಬಂಡೆಯಲ್ಲಿಯೇ ಸಣ್ಣ ಕಂಬಗಳ ಗೊಂಚಲನ್ನು ಬಿಡಿಸಿದ್ದಾರೆ. ತಟ್ಟಿದರೆ ನಾದ ಹೊಮ್ಮುವುದು. ತಟ್ಟಿ ತಟ್ಟಿ ಕಲ್ಲು ಸವೆಯುವುದರಿಂದ ಈಗ ಮುಟ್ಟುವುದಕ್ಕೆ ಅಪ್ಪಣೆಯಿಲ್ಲ; ಅದು ಸರಿಯಾದುದೇ. ಅಲ್ಲಿಂದ ಹೊಳೆಯ ದಡಕ್ಕೆ ಇಳಿದರೆ ಪುರಂದರದಾಸರ ಹೆಸರಿನ ಮಂಟಪ. ತುಂಗಭದ್ರೆಯ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟ ದಿನ ಅದು ಮುಳುಗುವುದು. ನೀರಿಳಿದ ಮೇಲೆ ಮತ್ತೆ ಮೈ ತೊಳೆದುಕೊಂಡು ನಿಲ್ಲುವುದು. ಪುಷ್ಯ ಬಹುಳ ಅಮಾವಾಸ್ಯೆ ದಾಸರ ಪುಣ್ಯತಿಥಿ.

ಆದರೆ ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದುದು ಕಲ್ಲಲ್ಲ, ಒಬ್ಬ ಪರದೇಶದವನ ಬರಹ. 1520ರ ಸುಮಾರಿಗೆ ಕೃಷ್ಣದೇವರಾಯನ ಪಟ್ಟಣವನ್ನು ಕಂಡ ಪೋರ್ಚುಗಲ್ ದೇಶದ ಪಾಯೆಸನು ಅರಮನೆಯಲ್ಲಿದ್ದ ನೃತ್ಯಶಾಲೆಯೊಂದನ್ನು ವರ್ಣಿಸಿದ್ದಾನೆ. ಉದ್ದನೆಯ ಶಾಲೆ, ಅಲ್ಲಿ ಅರಮನೆಯ ಹೆಣ್ಣುಮಕ್ಕಳಿಗೆ ನೃತ್ಯವನ್ನು ಕಲಿಸುತ್ತಿದ್ದರು. ಅಲ್ಲಿಯ ಫಲಕಗಳಲ್ಲಿ ಒಂದೊಂದು ನೃತ್ಯವು ಮುಗಿಯುವಾಗ ನಿಲ್ಲಬೇಕಾದ ಭಂಗಿಯನ್ನು ಕೆತ್ತಿದ್ದರಂತೆ. ಕಲಿಯುವವಳು ಭಂಗಿಯನ್ನು ಮರೆತರೆ ಫಲಕವನ್ನು ನೋಡಿ ನೆನಪಿಗೆ ತಂದುಕೊಳ್ಳಬೇಕು. ಮೈಯನ್ನು ಬಾಗಿಸಿ ಸಡಿಲಿಸುವುದಕ್ಕೆ ಕೈಯಾನಿಸಿಕೊಳ್ಳುವ ಒಂದು ಸ್ಥಳವೂ ಶಾಲೆಯ ಕೊನೆಯಲ್ಲಿ ಇತ್ತೆಂದು ಆತನು ಬರೆದಿದ್ದಾನೆ. ಗೋಡೆಯ ಮೇಲೆ ಲಕ್ಷಣ, ನೆಲದ ಮೇಲೆ ಲಕ್ಷ್ಯ. ಇದು ಕಾಲೇಜಲ್ಲದೆ ಮತ್ತೇನು? ಹಾಡು ಕುಣಿತಗಳನ್ನು ಓದುವುದು ನಿನ್ನೆ ಮೊನ್ನೆ ಹುಟ್ಟಿದ ಶೋಕಿಯೆನ್ನುವವರಿಗೆ ನಾವು ಈ ಶಾಲೆಯನ್ನು ತೋರಿಸುವೆವು. ನಮ್ಮ ಊರಿನಿಂದ ಕೂಗಳತೆಯಲ್ಲಿ ಐನೂರು ವರ್ಷದ ಹಿಂದೆಯೇ ಅದು ನಡೆದಿತ್ತು.

ಇಷ್ಟನ್ನು ಕೇಳಿದ ಮೇಲೆ ಆ ರೈತರು ಮತ್ತೊಂದು ಮಾತು ಎತ್ತಿದರು. “ನಮ್ಮ ದರೋಜಿ ಈರಮ್ಮ ಯಾವ ಬುಕ್ಕು ಓದಿದ್ಳು ಹೇಳ್ರಿ?” ಇದು ತಳ್ಳಿಹಾಕುವ ಮಾತಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಅಲೆಮಾರಿಗಳಾದ ಬುಡ್ಗ ಜಂಗಮರ ಮನೆಯಲ್ಲಿ ಹುಟ್ಟಿದವರು. ಅಕ್ಷರ ಬಾರದು, ಆದರೆ ಕುಮಾರರಾಮನ ಕಥೆ ಮೊದಲ್ಗೊಂಡು ದೊಡ್ಡ ದೊಡ್ಡ ಕಾವ್ಯಗಳು ನಾಲಗೆಯ ಮೇಲೆ. ರಾತ್ರಿಯಿಡೀ ಹಾಡಿದರೂ ಮುಗಿಯದಷ್ಟು. ಅದೇ ಕುಮಾರರಾಮನು ಕಂಪ್ಲಿಯ ಅರಸನ ಮಗ. ಆ ಕಂಪಿಲಿರಾಜ್ಯವು 1327ರಲ್ಲಿ ಬಿದ್ದಿತು. ಬಿದ್ದ ರಾಜ್ಯದ ಕಥೆಯನ್ನು ಆರುನೂರು ವರ್ಷಗಳ ಮೇಲೂ ಹಾಡಿ ಉಳಿಸಿದವರು ಇಂಥವರು. ಕಮಲಾಪುರದ ಬಳಿಯ ವಿದ್ಯಾರಣ್ಯದಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯವು ಈರಮ್ಮನವರ ಕಾವ್ಯಗಳನ್ನು ಅಚ್ಚು ಹಾಕಿಸಿ, ಅವರಿಗೆ ನಾಡೋಜ ಪದವಿಯನ್ನು ಕೊಟ್ಟು ತಾನೇ ಗೌರವವನ್ನು ಪಡೆಯಿತು. 2014ರಲ್ಲಿ ಅವರು ತೀರಿಕೊಂಡರು. ಇನ್ನೊಂದು ಕಡೆ ನೋಡಿದರೆ, ಮೈಸೂರಿನಲ್ಲಿರುವ ರಾಜ್ಯದ ಸಂಗೀತ ವಿಶ್ವವಿದ್ಯಾಲಯಕ್ಕೆ ಗಂಗೂಬಾಯಿ ಹಾನಗಲ್ಲರ ಹೆಸರು. ಆ ತಾಯಿಯು ಶಾಲೆಯಲ್ಲಿ ಓದಿದುದು ಐದನೆಯ ತರಗತಿಯವರೆಗೆ.

ಹಾಗಾದರೆ ಕಾಲೇಜು ಏಕೆ? ನಮ್ಮ ಅನುಭವದಲ್ಲಿ ಇದಕ್ಕೆ ಒಂದೇ ಉತ್ತರವುಂಟು. ಈರಮ್ಮನವರಿಗೆ ಹಾಡು ಮನೆತನದ ವಿದ್ಯೆ. ಹಾಲು ಕುಡಿಯುವಾಗಲೇ ಕಿವಿಗೆ ಬಿದ್ದುದು. ಹಸಿವಾದಾಗ ಅನ್ನ ತಂದುದು. ಗಂಗೂಬಾಯಿಯವರ ತಾಯಿ ಸ್ವತಃ ಗಾಯಕಿ. ಅಂಥ ಮನೆಯೇ ಕಾಲೇಜು. ಅದಕ್ಕಿಂತ ಹೆಚ್ಚಿನ ಕಾಲೇಜಿಲ್ಲ. ಆದರೆ ಕಂಪ್ಲಿಯ ಗದ್ದೆಯ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಅಂಥ ಮನೆಯನ್ನು ಎಲ್ಲಿಂದ ತರುವುದು? ಒಂದು ಕಾಲದಲ್ಲಿ ಸಂಗೀತವು ಕೆಲವು ಕುಲಗಳಿಗೆ ಸೇರಿದುದೆಂದು ಎಣಿಸಿದ್ದರು; ಮರ್ಯಾದಸ್ಥರ ಮನೆಯ ಹೆಣ್ಣು ಸಭೆಯಲ್ಲಿ ಕುಳಿತು ಹಾಡಬಾರದೆಂದಿದ್ದರು; ಹಾಡಿಯೇ ಬದುಕುತ್ತಿದ್ದ ಹೆಣ್ಣಿನ ಹಾಡನ್ನು ಕೇಳಿ ತಲೆದೂಗಿ, ಬೀದಿಯಲ್ಲಿ ಆಕೆಯನ್ನು ಹೀನಾಯವಾಗಿ ಕಂಡರು. ಗಂಗೂಬಾಯಿಯವರೇ ಬಾಲ್ಯದಲ್ಲಿ ಈ ನೋವನ್ನು ಉಂಡವರು. ಕಾಲೇಜು ಮಾಡಿದ ದೊಡ್ಡ ಉಪಕಾರವೆಂದರೆ, ಅರ್ಜಿಯ ಹಾಳೆಯಲ್ಲಿ ಹೆಸರು ಬರೆದ ಯಾರಿಗಾದರೂ ಚಾಪೆಯ ಮೇಲೆ ಸ್ಥಳವನ್ನು ಕೊಟ್ಟುದು. ಹಾಡಿನ ಮನೆತನವಿಲ್ಲದವರಿಗೆ ಅದೇ ಮನೆತನ. ಅಲ್ಲಿ ಶಾಸ್ತ್ರವು ಅಜ್ಜನಂತೆ, ಚರಿತ್ರೆಯು ಅಜ್ಜಿಯ ಕಥೆಯಂತೆ, ಪ್ರಯೋಗವು ದಿನದ ಅನ್ನದಂತೆ ಅವರಿಗೆ ದೊರೆಯಬೇಕು. ಮೂರರಲ್ಲಿ ಒಂದು ಇಲ್ಲವಾದರೂ ಮನೆ ಅರೆಯಾಗುವುದು.

ಈ ಮಾತನ್ನು ಕೇಳಿ ಆ ತಂದೆ ಬಹಳ ಹೊತ್ತು ಸುಮ್ಮನಿದ್ದರು. ಎರಡು ವಾರದ ಮೇಲೆ ಹುಡುಗಿಯು ಸಂಗೀತಕ್ಕೇ ಸೇರಿದಳೆಂದು ಸುದ್ದಿ ಬಂದಿತು; ಜೊತೆಗೆ ಕನ್ನಡವನ್ನೂ ಒಂದು ವಿಷಯವಾಗಿ ಓದಬೇಕೆಂದು ತಂದೆ ಕರಾರು ಹಾಕಿದ್ದರು. ಜಾಣತನದ ಕರಾರು. ಮೊದಲನೆಯ ವರ್ಷದ ರಜೆಯಲ್ಲಿ ಬಂದವಳು ನಮ್ಮ ಮುಂದೆ ಕುಳಿತು ಮೂರು ಕಾಲದ ಸರಳೆ ಹಾಡಿದಳು. ಕೈ ಕಂಠದ ಹಿಂದೆ ಓಡಲಿಲ್ಲ. ನಮಗೆ ಅದಕ್ಕಿಂತ ಹೆಚ್ಚಿನ ಕಚೇರಿ ಬೇಕಾಗಿರಲಿಲ್ಲ.

ಇನ್ನು ಹೊಟ್ಟೆಯ ಮಾತು. ಇದರಲ್ಲಿ ಮುಚ್ಚುಮರೆ ಸಲ್ಲದು. ಸಂಗೀತದ ಪದವಿ ಪಡೆದವರೆಲ್ಲ ಕಚೇರಿ ಮಾಡಿ ಬದುಕುವುದಿಲ್ಲ. ಬದುಕುವವರು ಕೆಲವೇ ಮಂದಿ. ಶಾಲೆಗಳಲ್ಲಿ ಸಂಗೀತದ ಅಧ್ಯಾಪಕರ ಸ್ಥಾನಗಳು ವಿರಳ. ಆಕಾಶವಾಣಿಯಲ್ಲಿ ಪರೀಕ್ಷೆ ಕೊಟ್ಟು ಶ್ರೇಣಿಯನ್ನು ಪಡೆದವರಿಗೆ ಕಾರ್ಯಕ್ರಮಗಳು ದೊರೆಯುವುದುಂಟು. ಅದರಿಂದಲೇ ಸಂಸಾರ ಸಾಗದು. ಮನೆಪಾಠದಿಂದ ಜೀವನ ನಡೆಯುವುದು, ಆದರೆ ನಿಧಾನವಾಗಿ, ಹೆಸರು ಬಂದ ಮೇಲೆ. ಹೆಚ್ಚಿನ ಓದು ಬೇಕೆನ್ನುವವರಿಗೆ ನಮ್ಮ ಹಂಪಿಯ ವಿಶ್ವವಿದ್ಯಾಲಯದಲ್ಲಿಯೇ ಸಂಗೀತದ ವಿಭಾಗವಿದೆ. ಬೇಗ ಸಂಬಳ ಬರಬೇಕೆನ್ನುವ ಮನೆಗೆ ಇದು ದಾರಿಯಲ್ಲವೆಂದು ನಾವು ಬಂದವರಿಗೆ ಮೊದಲೇ ಹೇಳು��ೆವು. ಹಾಡನ್ನು ಕೇಳಿ ಜನ ಚಪ್ಪಾಳೆ ತಟ್ಟುವರೆಂಬ ಆಸೆಗೆ ಮಾತ್ರ ಹೊರಟ ಮಗುವಿಗೂ ಇದು ದಾರಿಯಲ್ಲ. ಒಂದೇ ಸರಳೆಯನ್ನು ಎರಡು ತಿಂಗಳು ಹಾಡಿದರೂ ಬೇಸರಗೊಳ್ಳದ ಮಗುವಿದ್ದರೆ, ಅದನ್ನು ತಡೆಯಬಾರದು.

ಕಳುಹಿಸಲು ನಿಶ್ಚಯಿಸಿದ ಗೃಹಸ್ಥರಿಗೆ ನಮ್ಮದೊಂದು ವಿಜ್ಞಾಪನೆ. ಕಾಲೇಜು ಎಷ್ಟೇ ಒಳ್ಳೆಯದಾದರೂ ಅದು ಹಾಡುಗಾರರನ್ನು ಮಾಡಿಕೊಡುವುದಿಲ್ಲ. ದಾರಿಯನ್ನು ತೋರಿಸುವುದು ಅಷ್ಟೆ. ನಡೆಯುವುದು ಮನೆಯಲ್ಲಿ. ಅದಕ್ಕೆ ಪ್ರತ್ಯೇಕವಾದ ಕೋಣೆ ಬೇಡ, ಬೆಲೆಬಾಳುವ ತಂಬೂರಿಯೂ ಬೇಡ. ಈಗ ಶ್ರುತಿ ಮೊಬೈಲಿನಲ್ಲಿಯೂ ಸಿಕ್ಕುವುದು. ಬೇಕಾದುದು ಬೆಳಗಿನ ಒಂದು ಗಂಟೆ. ಆ ಹೊತ್ತಿನಲ್ಲಿ ಟಿ.ವಿ. ಹಾಕಬಾರದು, ಮಿಕ್ಸಿಯ ಚಟ್ನಿ ಸ್ವಲ್ಪ ತಡವಾಗಲಿ, ಅಂಗಳ ಗುಡಿಸುವುದಕ್ಕೂ ಹಾಲು ತರುವುದಕ್ಕೂ ಆ ಮಗುವನ್ನೇ ಕೂಗಬಾರದು. ಹೆಣ್ಣುಮಗಳಾದರೆ ಈ ಮಾತು ಇನ್ನೂ ಹೆಚ್ಚು ಅವಶ್ಯಕ. ಶುಲ್ಕವನ್ನು ಸಾಲ ಮಾಡಿಯಾದರೂ ಕಟ್ಟುವ ತಾಯಿತಂದೆಗಳನ್ನು ನಾವು ಎಷ್ಟೋ ಮಂದಿಯನ್ನು ಕಂಡಿದ್ದೇವೆ. ಈ ಒಂದು ಗಂಟೆಯನ್ನು ಕೊಡಬಲ್ಲವರನ್ನು ಕಂಡುದು ಕಡಮೆ.